ನನ್ನ 96 ಡೌಟುಗಳು ಮತ್ತು ಒಂದು ಡಿಕ್ಷನರಿ

ನನ್ನ ಮೇಜಿನ ಡ್ರಾಯರ್‌ನಲ್ಲಿ ಉದ್ದನೆಯ ಒಂದು ನೋಟ್‌ಬುಕ್ ಇದೆ. ಇಂಗ್ಲಿಷ್ ಬರೆಯುವಾಗ ಎಲ್ಲಿ ಕೈ ನಿಲ್ಲುತ್ತದೋ ಅದನ್ನು ಆಗಲೇ ಅದರಲ್ಲಿ ಬರೆದಿಡುತ್ತೇನೆ. ಆರು ವರ್ಷದಲ್ಲಿ 96 ಪ್ರಶ್ನೆ ಸೇರಿವೆ.

ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು ನಾನು. ಈಗ ನನ್ನ ಕೆಲಸ ದಿನವಿಡೀ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು. ಗ್ರಾಹಕರು ಕೇಳುತ್ತಾರೆ, ನಾನು ಉತ್ತರ ಕೊಡುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವಾರ ನಾನು ಬರೆದ ಒಂದು ಪತ್ರ ಕೆಂಪು ಗುರುತುಗಳ ಜೊತೆ ವಾಪಸ್ ಬಂತು. ‘ಇನ್ಫರ್ಮೇಶನ್ಸ್’ ಸುತ್ತ ಒಂದು ಸುತ್ತು. ‘ಡಿಸ್ಕಸ್ಡ್ ಅಬೌಟ್’ನಲ್ಲಿ ‘ಅಬೌಟ್’ ಮೇಲೆ ಒಂದು ಗೀಟು. ಯಾಕೆ ಅಂತ ಬರೆದಿರಲಿಲ್ಲ. ತಿದ್ದಿದವರನ್ನೇ ಹೋಗಿ ಕೇಳಿದೆ. “ಅದು ಹಾಗೇ ಬರೋದು” ಅಂದರು. ನನಗೆ ಸಮಾಧಾನ ಆಗಲಿಲ್ಲ. ಇವೆರಡು ಹಾಗೇ ಬರೋದಾದರೆ, ನಾಳೆ ಬರೆಯೋ ಪದ ಹೇಗೆ ಬರುತ್ತೆ ಅಂತ ಯಾರನ್ನು ಕೇಳಲಿ? ಅವತ್ತು ಸಂಜೆ ನೋಟ್‌ಬುಕ್ ಶುರುವಾಯಿತು. ಮೊದಲ ಎರಡು ಪ್ರಶ್ನೆ ಇವೇ.

ಈ ಬರಹ ಒಂದು ಡಿಕ್ಷನರಿಯ ಬಗ್ಗೆ: ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ. ನನ್ನ ಹತ್ತಿರ 2020ರಲ್ಲಿ ಬಂದ ಹತ್ತನೇ ಆವೃತ್ತಿ ಇದೆ. ಫೋನಿನಲ್ಲಿ ಇದರದೇ ವೆಬ್ ಪುಟ ನೋಡುತ್ತೇನೆ. ಕಳೆದ ತಿಂಗಳು ಕೂತು, ನನ್ನ 96 ಪ್ರಶ್ನೆಗಳನ್ನೂ ಒಂದೊಂದಾಗಿ ಇದರ ಮುಂದಿಟ್ಟೆ. 61ಕ್ಕೆ ನೇರವಾದ ಉತ್ತರ ಸಿಕ್ಕಿತು. 17ಕ್ಕೆ ಅರ್ಧ ಸಿಕ್ಕಿತು. 18ಕ್ಕೆ ಸಿಗಲಿಲ್ಲ.

ವ್ಯಾಕರಣದ ಪ್ರಶ್ನೆಗೆ ಡಿಕ್ಷನರಿ ಯಾಕೆ ಅಂತ ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸುತ್ತಿತ್ತು. ಡಿಕ್ಷನರಿ ಅಂದರೆ ಅರ್ಥ ನೋಡಿ ಮುಚ್ಚಿಡುವ ಪುಸ್ತಕ ಅಂದುಕೊಂಡಿದ್ದೆ. ಈ 96 ಪ್ರಶ್ನೆಗಳ ಜೊತೆ ಕೂತ ಮೇಲೆ ಒಂದು ವಿಷಯ ಗಟ್ಟಿಯಾಯಿತು. ನಾವು ವ್ಯಾಕರಣದ ಡೌಟ್ ಅನ್ನೋದರಲ್ಲಿ ಬಹುಪಾಲು ಒಂದೊಂದು ಪದದ ಡೌಟ್. ‘ಇನ್ಫರ್ಮೇಶನ್ಸ್’ ಅನ್ನು ನಾನು ಬಹುವಚನದ ನಿಯಮದ ಪ್ರಶ್ನೆ ಅಂತ ಬರೆದಿಟ್ಟಿದ್ದೆ. ನಿಯಮ ನನಗೆ ಸರಿಯಾಗಿಯೇ ಗೊತ್ತಿತ್ತು. ಗೊತ್ತಿಲ್ಲದ್ದು ಆ ಪದದ ಸ್ವಭಾವ. ಅದನ್ನು ಹೇಳುವುದು ಪದದ ಪಕ್ಕದಲ್ಲಿರುವ ಚಿಕ್ಕ ಗುರುತು. ಅರ್ಥಕ್ಕಿಂತ ಮೊದಲೇ ಅದು ಇರುತ್ತದೆ. ನಮ್ಮ ಕಣ್ಣು ಅದನ್ನು ದಾಟಿ ಮುಂದೆ ಹೋಗಿಬಿಡುತ್ತದೆ.

ಈ ಪುಸ್ತಕ ಹೀಗಿರುವುದಕ್ಕೆ ಕಾರಣ ಅದು ಹುಟ್ಟಿದ ರೀತಿ. ಎ. ಎಸ್. ಹಾರ್ನ್‌ಬಿ ಅನ್ನುವ ಇಂಗ್ಲಿಷ್ ಮೇಷ್ಟ್ರು ಜಪಾನಿನಲ್ಲಿ ಪಾಠ ಮಾಡುತ್ತಿದ್ದರು. ಇನ್ನಿಬ್ಬರ ಜೊತೆ ಸೇರಿ, ಇಂಗ್ಲಿಷ್ ಕಲಿಯುವವರಿಗೆಂದೇ ಒಂದು ಡಿಕ್ಷನರಿ ಮಾಡಿದರು. ಅದು ಮೊದಲು ಅಚ್ಚಾಗಿದ್ದು 1942ರಲ್ಲಿ, ಟೋಕಿಯೊದಲ್ಲಿ. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಬೇರೆ ಹೆಸರಿನಲ್ಲಿ ಹೊರತಂದಿತು. ಹುಟ್ಟಿನಿಂದ ಇಂಗ್ಲಿಷ್ ಬರುವವರಿಗೆ ‘ಇನ್ಫರ್ಮೇಶನ್’ಗೆ ಬಹುವಚನ ಇಲ್ಲ ಅಂತ ಹೇಳಬೇಕಿಲ್ಲ. ಅವರ ಡಿಕ್ಷನರಿಗೆ ಆ ಗುರುತು ಅಷ್ಟು ಬೇಕಾಗಿಲ್ಲ. ಬೇರೆ ಭಾಷೆಯಿಂದ ಬಂದ ವಿದ್ಯಾರ್ಥಿಗಳ ಬರಹ ದಿನವೂ ತಿದ್ದುವ ಮೇಷ್ಟ್ರಿಗೆ ಮಾತ್ರ ಅದು ಎಷ್ಟು ಮುಖ್ಯ ಅಂತ ಗೊತ್ತಿರುತ್ತದೆ. ಈ ಪುಸ್ತಕದ ಪ್ರತಿ ಪುಟದಲ್ಲೂ ಆ ಮೇಷ್ಟ್ರ ಕಾಳಜಿ ನನಗೆ ಕಾಣುತ್ತದೆ.

ಈಗ ಆ ಗುರುತುಗಳ ವಿಷಯ. ‘ಇನ್ಫರ್ಮೇಶನ್’ ತೆಗೆಯಿರಿ. ಪಕ್ಕದಲ್ಲಿ ‘ಅನ್‌ಕೌಂಟಬಲ್’ ಅಂತ ಇರುತ್ತದೆ. ಪುಸ್ತಕದಲ್ಲಾದರೆ ಬರೀ ‘ಯು’ ಅಕ್ಷರ. ಅಂದರೆ ಎಣಿಸಲಾಗದ ನಾಮಪದ. ಆ ಒಂದು ಗುರುತು ನಾಲ್ಕು ಕೆಲಸ ಮಾಡುತ್ತದೆ. ಕೊನೆಗೆ ‘ಎಸ್’ ಸೇರಿಸಬೇಡ. ಪದಕ್ಕೆ ಮೊದಲು ‘ಆ್ಯನ್’ ಹಾಕಬೇಡ. ಕ್ರಿಯಾಪದ ಏಕವಚನದಲ್ಲಿರಲಿ. ‘ಮೆನಿ’ ಬೇಡ, ‘ಮಚ್’ ಅನ್ನು. ‘ಅಡ್ವೈಸ್’, ‘ಫರ್ನಿಚರ್’, ‘ಇಕ್ವಿಪ್‌ಮೆಂಟ್’, ‘ಲಗೇಜ್’, ‘ಹೋಮ್‌ವರ್ಕ್’ ಎಲ್ಲಕ್ಕೂ ಇದೇ ಗುರುತು. ‘ನ್ಯೂಸ್’ ನೋಡಲು ಬಹುವಚನದ ಹಾಗಿದೆ, ಗುರುತು ಮಾತ್ರ ಇದೇ. ಹಾಗಾಗಿ ‘ದ ನ್ಯೂಸ್ ಈಸ್ ಗುಡ್’ ಅನ್ನಬೇಕು. ಎಣಿಸಲೇಬೇಕಾದರೆ ‘ಎ ಪೀಸ್ ಆಫ್ ಅಡ್ವೈಸ್’ ಅನ್ನಬೇಕು ಅಂತ ಅಲ್ಲೇ ಉದಾಹರಣೆ ಸಿಗುತ್ತದೆ. ನಾವು ಎಡವುವುದಕ್ಕೆ ಕಾರಣವೂ ಇದೆ. ಕನ್ನಡದಲ್ಲಿ ‘ಸಲಹೆಗಳು’, ‘ಸುದ್ದಿಗಳು’ ಅನ್ನೋದು ಸಹಜ. ನಾವು ಅದನ್ನು ಎತ್ತಿ ಇಂಗ್ಲಿಷಿಗೆ ಇಡುತ್ತೇವೆ. ನನ್ನ ನೋಟ್‌ಬುಕ್ಕಿನ 11 ಪ್ರಶ್ನೆಗಳು ಈ ಒಂದು ಗುರುತಿನಿಂದಲೇ ಮುಗಿದವು.

ಒಂದೇ ಪದಕ್ಕೆ ಎರಡು ಗುರುತು ಇದ್ದಾಗ ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ. ‘ಎಕ್ಸ್‌ಪೀರಿಯನ್ಸ್’ ನೋಡಿ. ಕೆಲಸದಿಂದ ಬಂದ ತಿಳಿವಳಿಕೆ ಅನ್ನುವ ಅರ್ಥದಲ್ಲಿ ಅದನ್ನು ಎಣಿಸುವಂತಿಲ್ಲ. ಬದುಕಿನಲ್ಲಿ ನಡೆದ ಒಂದು ಘಟನೆ ಅನ್ನುವ ಅರ್ಥದಲ್ಲಿ ಎಣಿಸಬಹುದು. ‘ಐ ಹ್ಯಾವ್ ಫೈವ್ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್’ ಸರಿ. ‘ಇಟ್ ವಾಸ್ ಎ ಗುಡ್ ಎಕ್ಸ್‌ಪೀರಿಯನ್ಸ್’ ಕೂಡ ಸರಿ. ‘ವರ್ಕ್’, ‘ಪೇಪರ್’, ‘ಟೈಮ್’ ಎಲ್ಲ ಇದೇ ಗುಂಪಿಗೆ ಸೇರಿದವು. ‘ಈ ಪದ ಎಣಿಸುವಂಥದ್ದಾ?’ ಅಂತ ಕೇಳಿದರೆ ಪೂರ್ತಿ ಉತ್ತರ ಸಿಗುವುದಿಲ್ಲ. ‘ಈ ಅರ್ಥದಲ್ಲಿ ಎಣಿಸುವಂಥದ್ದಾ?’ ಅಂತ ಕೇಳಬೇಕು. ಇದನ್ನು ಯಾವ ತರಗತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ಇನ್ನು ಕ್ರಿಯಾಪದಗಳು. ನನ್ನ ಪ್ರಕಾರ ಈ ಡಿಕ್ಷನರಿಯ ನಿಜವಾದ ಸಂಪತ್ತು ಇಲ್ಲಿದೆ. ಪ್ರತಿ ಕ್ರಿಯಾಪದದ ಕೆಳಗೆ, ಅದರ ನಂತರ ಏನು ಬರಬೇಕು ಅಂತ ದಪ್ಪ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ನಂಬರ್ ಹಾಕಿದ ಸಂಕೇತಗಳಿದ್ದವು. ಪಟ್ಟಿ ನೋಡಿ ಬಿಡಿಸಿಕೊಳ್ಳಬೇಕಿತ್ತು. ಈಗ ನೇರವಾಗಿ ‘ಸಜೆಸ್ಟ್ ಡೂಯಿಂಗ್ ಸಂಥಿಂಗ್’, ‘ಸಜೆಸ್ಟ್ ದ್ಯಾಟ್’ ಅಂತ ಅಚ್ಚುಗಳನ್ನೇ ಬರೆದಿರುತ್ತಾರೆ. ‘ಸಜೆಸ್ಟ್ ಟು ಡೂ’ ಅಲ್ಲಿಲ್ಲ. ಇಲ್ಲ ಅಂದರೆ ಆ ದಾರಿ ಇಲ್ಲ ಅಂತಲೇ ಅರ್ಥ. ‘ಸಜೆಸ್ಟ್ ಮಿ ಎ ಬುಕ್’ ಅಂತ ನಾವು ಆಗಾಗ ಬರೆಯುತ್ತೇವಲ್ಲ, ಹಾಗೆ ಬರೆಯಬಾರದು ಅಂತ ಪ್ರತ್ಯೇಕ ಸೂಚನೆಯೇ ಇದೆ. ‘ನನಗೆ ಒಂದು ಪುಸ್ತಕ ಸೂಚಿಸಿ’ ಅನ್ನೋದು ಕನ್ನಡದಲ್ಲಿ ಸರಿಯಾದ ವಾಕ್ಯ. ಅದೇ ರಚನೆ ಇಂಗ್ಲಿಷಿನ ‘ಸಜೆಸ್ಟ್’ಗೆ ಒಗ್ಗುವುದಿಲ್ಲ.

‘ಡಿಸ್ಕಸ್’ ಪುಟದಲ್ಲೂ ಅಂಥದ್ದೇ ಸೂಚನೆ ಇದೆ: ಇದರ ನಂತರ ‘ಅಬೌಟ್’ ಬರುವುದಿಲ್ಲ. ಅದನ್ನು ಮೊದಲ ಸಲ ಓದಿದಾಗ ನನ್ನ ಆ ಹಳೆಯ ಪತ್ರ ಕಣ್ಣಮುಂದೆ ಬಂತು. ಕೆಂಪು ಗೀಟಿನ ಕಾರಣ ಕೊನೆಗೂ ಸಿಕ್ಕಿತ್ತು. ನಾವು ‘ಆ ವಿಷಯದ ಬಗ್ಗೆ ಚರ್ಚಿಸಿದೆವು’ ಅನ್ನುತ್ತೇವೆ. ಆ ‘ಬಗ್ಗೆ’ಯೇ ‘ಅಬೌಟ್’ ಆಗಿ ಕೂತುಬಿಡುತ್ತದೆ. ‘ಡಿಸ್ಕಸ್’ಗೆ ಕರ್ಮ ನೇರವಾಗಿ ಬೇಕು. ಕನ್ನಡದಲ್ಲೂ ‘ಆ ವಿಷಯವನ್ನು ಚರ್ಚಿಸಿದೆವು’ ಅನ್ನಬಹುದಲ್ವಾ? ಅದನ್ನು ನೆನಪಿಟ್ಟುಕೊಂಡರೆ ಸಾಕು. ‘ಡಿಸ್ಕಶನ್’ ಅನ್ನುವ ನಾಮಪದಕ್ಕೆ ಮಾತ್ರ ‘ಅಬೌಟ್’ ಬರಬಹುದು. ಒಂದೇ ಮನೆಯ ಎರಡು ಪದಕ್ಕೆ ಬೇರೆ ಬೇರೆ ನಡವಳಿಕೆ. ಎರಡು ಪುಟವನ್ನೂ ತೆಗೆದು ನೋಡಿದವರಿಗೆ ಮಾತ್ರ ಇದು ಕಾಣುತ್ತದೆ.

ಪತ್ರ ಬರೆಯುವ ಪ್ರತಿಯೊಬ್ಬರೂ ಒಮ್ಮೆ ನಿಲ್ಲುವ ಜಾಗ ‘ಲುಕ್ ಫಾರ್ವರ್ಡ್ ಟು’. ಅದರ ನಂತರ ‘ಹಿಯರ್’ ಬರಬೇಕಾ, ‘ಹಿಯರಿಂಗ್’ ಬರಬೇಕಾ? ಡಿಕ್ಷನರಿ ‘ಡೂಯಿಂಗ್’ ರೂಪವನ್ನು ಕೊಟ್ಟಿದೆ. ಯಾಕೆ ಅಂತ ವಿವರಿಸಿಲ್ಲ. ಅದನ್ನು ನಾನೇ ಕಂಡುಕೊಂಡೆ. ‘ಟು’ ನಂತರ ಒಂದು ನಾಮಪದ ಇಟ್ಟು ನೋಡಬೇಕು. ‘ಐ ಲುಕ್ ಫಾರ್ವರ್ಡ್ ಟು ದ ಮೀಟಿಂಗ್’ ಸರಿ ಬರುತ್ತದೆ. ಹಾಗಾದರೆ ಈ ‘ಟು’ ನಮ್ಮ ವಿಭಕ್ತಿ ಪ್ರತ್ಯಯದ ಹಾಗೆ, ‘ಮೀಟಿಂಗ್‌ಗೆ’ ಅನ್ನೋದರಲ್ಲಿನ ‘ಗೆ’ ಇದ್ದ ಹಾಗೆ. ಅದರ ನಂತರ ಕ್ರಿಯಾಪದ ಬಂದರೆ ಅದು ನಾಮಪದದ ರೂಪಕ್ಕೆ ತಿರುಗಬೇಕು. ಹಾಗಾಗಿ ‘ಹಿಯರಿಂಗ್’. ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಲೇಟ್’ ಕೂಡ ಹೀಗೇ: ತಡವಾಗಿ ಕೆಲಸ ಮಾಡುವುದು ನನಗೆ ರೂಢಿ. ‘ಐ ಯೂಸ್ಡ್ ಟು ವರ್ಕ್ ಲೇಟ್’ ಅಂದರೆ ಹಿಂದೆ ಹಾಗೆ ಮಾಡುತ್ತಿದ್ದೆ, ಈಗ ಇಲ್ಲ. ಈ ಎರಡನ್ನೂ ಜೊತೆಗಿಟ್ಟು ಡಿಕ್ಷನರಿ ಒಂದು ಪೆಟ್ಟಿಗೆಯಲ್ಲಿ ತಿಳಿಸುತ್ತದೆ. ಆ ಪೆಟ್ಟಿಗೆಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಅವು ಇರುವುದೇ ಕಲಿಯುವವರು ಪದೇ ಪದೇ ತಪ್ಪುವ ಜಾಗದಲ್ಲಿ.

ಕೆಲವು ಜೋಡಿಗಳು ಇಂಗ್ಲಿಷಿನಲ್ಲಿ ಕಷ್ಟ ಅನ್ನಿಸಿದರೂ ಕನ್ನಡದಲ್ಲಿ ತುಂಬ ಸುಲಭ. ‘ಹಿ ಸ್ಟಾಪ್ಡ್ ಟು ರೀಡ್’ ಮತ್ತು ‘ಹಿ ಸ್ಟಾಪ್ಡ್ ರೀಡಿಂಗ್’. ಮೊದಲನೆಯದು ‘ಓದಲು ನಿಂತ’. ಎರಡನೆಯದು ‘ಓದುವುದನ್ನು ನಿಲ್ಲಿಸಿದ’. ನಮಗೆ ‘ನಿಂತ’, ‘ನಿಲ್ಲಿಸಿದ’ ಅಂತ ಎರಡು ಬೇರೆ ರೂಪಗಳೇ ಇವೆ. ‘ಬೈ ಫ್ರೈಡೇ’ ಮತ್ತು ‘ಅಂಟಿಲ್ ಫ್ರೈಡೇ’ ಕೂಡ ಹಾಗೇ. ಮೊದಲನೆಯದು ‘ಶುಕ್ರವಾರದೊಳಗೆ’, ಎರಡನೆಯದು ‘ಶುಕ್ರವಾರದವರೆಗೆ’. ಇವು ಅದಲುಬದಲಾದರೆ ಕೆಲಸದಲ್ಲಿ ನಿಜವಾದ ತೊಂದರೆ ಆಗುತ್ತದೆ. ‘ಶುಕ್ರವಾರದೊಳಗೆ ಕಳಿಸಿ’ ಅನ್ನಬೇಕಾದಲ್ಲಿ ಒಮ್ಮೆ ನಾನು ‘ಸೆಂಡ್ ಅಸ್ ದ ರಿಪೋರ್ಟ್ಸ್ ಅಂಟಿಲ್ ಫ್ರೈಡೇ’ ಅಂತ ಬರೆದಿದ್ದೆ. ಅವರು ದಿನಕ್ಕೊಂದರಂತೆ ಶುಕ್ರವಾರದವರೆಗೂ ಕಳಿಸಿದರು. ನನಗೆ ಬೇಕಿದ್ದ ಪೂರ್ತಿ ವರದಿ ಗುರುವಾರವೂ ಕೈಗೆ ಬಂದಿರಲಿಲ್ಲ. ಅವರ ತಪ್ಪೇನೂ ಇರಲಿಲ್ಲ. ನಾನು ಬರೆದಿದ್ದನ್ನೇ ಅವರು ಮಾಡಿದ್ದರು.

ಕನ್ನಡ ನಮ್ಮ ದಾರಿ ತಪ್ಪಿಸುವ ಜಾಗವೂ ಇದೆ. ‘ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ.’ ಎಷ್ಟು ಸಲೀಸಾದ ವಾಕ್ಯ! ಅದೇ ಇಂಗ್ಲಿಷಿನಲ್ಲಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಆಗಿ ಹೊರಬರುತ್ತದೆ. ಅದರಲ್ಲಿ ಎರಡು ತಪ್ಪು. ‘ಸಿನ್ಸ್’ ಪುಟ ತೆಗೆದರೆ ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಈ ಪದ ‘ಹ್ಯಾವ್’ ಅಥವಾ ‘ಹ್ಯಾಡ್’ ಇರುವ ಕಾಲರೂಪದ ಜೊತೆ ಬರುತ್ತದೆ ಅಂತ ಮೊದಲೇ ಹೇಳಿದ್ದಾರೆ. ಎಷ್ಟು ಕಾಲ ಅಂತ ಹೇಳುವಾಗ ‘ಸಿನ್ಸ್’ ಬೇಡ, ‘ಫಾರ್’ ಬಳಸಿ ಅಂತ ಸೂಚನೆಯನ್ನೂ ಕೊಟ್ಟಿದ್ದಾರೆ. ಹಾಗಾಗಿ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’. ಶುರುವಾದ ವರ್ಷ ಹೇಳುವುದಾದರೆ ‘ಸಿನ್ಸ್ 2019’.

‘ಐ ಆ್ಯಮ್ ನೋಯಿಂಗ್’, ‘ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಅನ್ನುವವರು ‘ನೋ’, ‘ಅಂಡರ್‌ಸ್ಟ್ಯಾಂಡ್’ ಪುಟಗಳನ್ನು ನೋಡಬೇಕು. ಈ ಕ್ರಿಯಾಪದಗಳನ್ನು ‘-ಇಂಗ್’ ಕಾಲರೂಪದಲ್ಲಿ ಬಳಸುವುದಿಲ್ಲ ಅಂತ ಅಲ್ಲೇ ಇದೆ.

‘ಎ’ ಮತ್ತು ‘ಆ್ಯನ್’ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇದು ನನ್ನ ಮೆಚ್ಚಿನ ವಿಷಯ. ಅಕ್ಷರ ನೋಡಿ ತೀರ್ಮಾನ ಮಾಡಬಾರದು, ಉಚ್ಚಾರಣೆ ಕೇಳಿ ಮಾಡಬೇಕು. ಡಿಕ್ಷನರಿಯ ವೆಬ್ ಪುಟದಲ್ಲಿ ಪ್ರತಿ ಪದಕ್ಕೂ ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆ ಕೇಳಿಸುತ್ತದೆ. ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ. ‘ಅವರ್’ (ಗಂಟೆ) ಸ್ವರದಿಂದ ಶುರು, ಆದ್ದರಿಂದ ‘ಆ್ಯನ್ ಅವರ್’. ‘ಯೂನಿವರ್ಸಿಟಿ’ಯ ಮೊದಲ ಅಕ್ಷರ ‘ಯ’, ಆದ್ದರಿಂದ ‘ಎ ಯೂನಿವರ್ಸಿಟಿ’. ‘ಎಂಬಿಎ’ ಸ್ವರದಿಂದ ಶುರು, ‘ಆ್ಯನ್ ಎಂಬಿಎ’. ಇಂಗ್ಲಿಷ್ ಲಿಪಿ ಮುಚ್ಚಿಡುವುದನ್ನು ನಮ್ಮ ಲಿಪಿ ತೆರೆದು ತೋರಿಸುತ್ತದೆ. ಒಂದು ಕಡೆ ಮಾತ್ರ ಎಚ್ಚರ ಬೇಕು. ‘ಒನ್’ ಅಂತ ಬರೆದು ಸ್ವರ ಅಂದುಕೊಂಡರೆ ತಪ್ಪಾಗುತ್ತದೆ. ಅದರ ಉಚ್ಚಾರಣೆ ‘ವನ್’. ಆದ್ದರಿಂದ ‘ಎ ವನ್-ವೇ ಸ್ಟ್ರೀಟ್’. ನಾವು ಮಾತಾಡುವಾಗ ‘ಒ’ಕ್ಕೆ ‘ವ’, ‘ಎ’ಗೆ ‘ಯ’ ಸೇರಿಸುವ ರೂಢಿ ಇದೆಯಲ್ಲ. ಅದು ಇಲ್ಲಿ ಗೊಂದಲ ಮಾಡುತ್ತದೆ. ಅದಕ್ಕೇ ಡಿಕ್ಷನರಿಯ ಧ್ವನಿ ಕೇಳಿಯೇ ಬರೆಯಬೇಕು.

ಇನ್ನೊಂದು ಕಾರಣಕ್ಕೂ ಈ ಡಿಕ್ಷನರಿ ನನಗೆ ಇಷ್ಟ. ಅದು ಇರುವುದನ್ನು ಇರುವ ಹಾಗೆ ಹೇಳುತ್ತದೆ. ‘ಫ್ಯೂಯರ್’ ಮತ್ತು ‘ಲೆಸ್’ ವಿಷಯ ನೋಡಿ. ಎಣಿಸುವಂಥದ್ದಕ್ಕೆ ‘ಫ್ಯೂಯರ್’, ಎಣಿಸಲಾಗದ್ದಕ್ಕೆ ‘ಲೆಸ್’ ಅಂತ ಹೇಳುತ್ತದೆ. ಜನ ಎಣಿಸುವ ವಸ್ತುಗಳಿಗೂ ‘ಲೆಸ್’ ಬಳಸುತ್ತಾರೆ, ಕೆಲವರು ಅದನ್ನು ಸರಿ ಅಂತ ಒಪ್ಪುವುದಿಲ್ಲ ಅಂತಲೂ ಹೇಳುತ್ತದೆ. ಎಲ್ಲಿ ಯಾವುದು ಬೇಕು ಅನ್ನುವ ತೀರ್ಮಾನ ನಮಗೆ ಬಿಟ್ಟಿದ್ದು. ‘ಡಿಫರೆಂಟ್ ಫ್ರಮ್’ ಎಲ್ಲ ಕಡೆ ನಡೆಯುತ್ತದೆ, ‘ಡಿಫರೆಂಟ್ ಟು’ ಬ್ರಿಟಿಷರದು, ‘ಡಿಫರೆಂಟ್ ದ್ಯಾನ್’ ಅಮೆರಿಕದವರದು. ಬ್ರಿಟಿಷರು ‘ಇನ್ ಹಾಸ್ಪಿಟಲ್’ ಅಂದರೆ ಅಮೆರಿಕದವರು ‘ಇನ್ ದ ಹಾಸ್ಪಿಟಲ್’ ಅನ್ನುತ್ತಾರೆ. ಗಂಡೋ ಹೆಣ್ಣೋ ಹೇಳದೆ ಒಬ್ಬರ ಬಗ್ಗೆ ಮಾತಾಡುವಾಗ ‘ದೇ’ ಬಳಸಬಹುದು ಅನ್ನೋದೂ ಇದೆ. ‘ಸರಿಯಾ ತಪ್ಪಾ’ ಅಂತ ಕೇಳುವ ಎಷ್ಟೋ ಪ್ರಶ್ನೆಗಳಿಗೆ ‘ಎಲ್ಲಿ, ಯಾರ ಜೊತೆ’ ಅನ್ನೋದೇ ಉತ್ತರ. ‘ಫಾರ್ಮಲ್’, ‘ಇನ್‌ಫಾರ್ಮಲ್’, ‘ಓಲ್ಡ್-ಫ್ಯಾಷನ್ಡ್’ ಅನ್ನುವ ಗುರುತುಗಳೂ ಇದಕ್ಕೇ ಇವೆ.

ಈ ಗುಣದ ಬೆಲೆ ನನಗೆ ಗೊತ್ತಾಗಿದ್ದು ಬೇರೆ ಒಂದು ಆ್ಯಪ್ ಬಳಸಿದ ಮೇಲೆ. ತಪ್ಪು ತಿದ್ದುವ ಆ್ಯಪ್ ಅದು. ಹೆಸರು ಬೇಡ. ಒಂದು ಪತ್ರದಲ್ಲಿ ನಾನು ‘ಲೆಸ್ ದ್ಯಾನ್ ಫೈವ್ ಕಿಲೋಮೀಟರ್ಸ್’ ಅಂತ ಬರೆದಿದ್ದೆ. ಅದು ‘ಫ್ಯೂಯರ್ ದ್ಯಾನ್’ ಅಂತ ಬದಲಾಯಿಸಿತು. ನಂಬಿ ಕಳಿಸಿಬಿಟ್ಟೆ. ಆಮೇಲೆ ಯೋಚಿಸಿದೆ. ನಾವು ಇಲ್ಲಿ ಕಿಲೋಮೀಟರುಗಳನ್ನು ಒಂದೊಂದಾಗಿ ಎಣಿಸುತ್ತಿಲ್ಲ. ಇದು ದೂರದ ಅಳತೆ, ಒಟ್ಟಾಗಿ ಒಂದು. ಹಣ, ಸಮಯ, ದೂರಕ್ಕೆ ‘ಲೆಸ್’ ಅನ್ನೋದೇ ಸಹಜ. ಆ್ಯಪ್ ಬದಲಾಯಿಸಿತು, ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೊದಲ ಪತ್ರದ ಕೆಂಪು ಗುರುತಿನಿಂದ ನಾನು ಹೆಚ್ಚು ದೂರ ಬಂದಿಲ್ಲ ಅನ್ನಿಸಿ ಬೇಸರವಾಯಿತು. ಡಿಕ್ಷನರಿಯಲ್ಲಿ ನಾನೇ ಹುಡುಕಬೇಕು, ಐದು ಉದಾಹರಣೆ ಓದಬೇಕು, ನನ್ನ ವಾಕ್ಯದ ಪಕ್ಕ ಇಟ್ಟು ನೋಡಬೇಕು. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಆದರೆ ಹಾಗೆ ಹುಡುಕಿದ ಪದವನ್ನು ನಾನು ಮತ್ತೆ ಹುಡುಕಿದ್ದು ಕಡಿಮೆ.

ಇನ್ನು ಉತ್ತರ ಸಿಗದ 18 ಪ್ರಶ್ನೆ. ಇವು ಒಂದು ಪದದಲ್ಲಿ ಮುಗಿಯುವ ಪ್ರಶ್ನೆಗಳಾಗಿರಲಿಲ್ಲ. ಯಾವ ಪುಟ ತೆಗೆಯಬೇಕು ಅನ್ನೋದೇ ತಿಳಿಯುವುದಿಲ್ಲ. ‘ಐ ಡೋಂಟ್ ನೋ ವೇರ್ ಈಸ್ ಹಿ’ ಅನ್ನೋದು ಅಂಥ ಒಂದು ತಪ್ಪು. ಕನ್ನಡದಲ್ಲಿ ‘ಅವನು ಎಲ್ಲಿದ್ದಾನೆ?’ ಅಂತ ಕೇಳಿದರೂ, ‘ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ’ ಅಂದರೂ ಪದಗಳ ಸಾಲು ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಾಗ ‘ಈಸ್’ ಮುಂದೆ ಬರುತ್ತದೆ. ಅದೇ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಹೋದರೆ ‘ಈಸ್’ ತನ್ನ ಜಾಗಕ್ಕೆ ವಾಪಸ್ ಹೋಗುತ್ತದೆ: ‘ವೇರ್ ಹಿ ಈಸ್’. ಇದನ್ನು ಹೇಳಲು ವ್ಯಾಕರಣ ಪುಸ್ತಕವೇ ಬೇಕು.

ಕಾಲದ ಪ್ರಶ್ನೆಗಳೂ ಹೀಗೇ. ‘ನಿನ್ನೆ ಅವರನ್ನು ನೋಡಿದ್ದೇನೆ’ ಅಂದರೆ ಕನ್ನಡದಲ್ಲಿ ಯಾರೂ ತಡೆಯುವುದಿಲ್ಲ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಮಾತ್ರ ತಪ್ಪು. ‘ಯೆಸ್ಟರ್‌ಡೇ’ ಮುಗಿದುಹೋದ ಕಾಲ. ಅದನ್ನು ಹೆಸರಿಸಿದ ಮೇಲೆ ‘ಐ ಸಾ ಹಿಮ್’ ಅಂತಲೇ ಹೇಳಬೇಕು.

‘ದ’ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನೋದರ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಏಳು ಪ್ರಶ್ನೆಗಳಿವೆ. ‘ದ’ ಪುಟದಲ್ಲಿ ಉದಾಹರಣೆಗಳು ಬೇಕಾದಷ್ಟಿವೆ. ಆದರೂ ನನ್ನ ವಾಕ್ಯಕ್ಕೆ ಯಾವುದು ಹೊಂದುತ್ತದೆ ಅನ್ನೋದು ಅವುಗಳಿಂದ ತಿಳಿಯಲಿಲ್ಲ. ಕೇಳುವವರಿಗೆ ಯಾವುದು ಅಂತ ಆಗಲೇ ಗೊತ್ತಿದೆಯಾ? ಗೊತ್ತಿದ್ದರೆ ‘ದ’. ಈ ಒಂದು ಪ್ರಶ್ನೆಯಿಂದ ಬಹಳಷ್ಟು ಬಗೆಹರಿಯುತ್ತದೆ, ಎಲ್ಲ ಅಲ್ಲ. ಏಳರಲ್ಲಿ ಎರಡು ಇನ್ನೂ ಹಾಗೇ ಇವೆ.

ಕೊಳ್ಳುವವರಿಗೆ ಎರಡು ಮಾತು. ಪುಸ್ತಕ ದಪ್ಪ, ಮೇಜಿನ ಮೇಲಿಟ್ಟು ನೋಡುವಂಥದ್ದು. ಮೊದಲ ಕೆಲವು ಪುಟಗಳಲ್ಲಿ ಗುರುತುಗಳ ವಿವರ ಇದೆ. ಪುಸ್ತಕ ಸಿಕ್ಕ ದಿನವೇ ಅದನ್ನು ಓದಿ. ನಾನು ಒಂದು ವರ್ಷ ಓದಲಿಲ್ಲ. ಆ ವರ್ಷ ಪೂರ್ತಿ ಅರ್ಧ ಪುಸ್ತಕವನ್ನೇ ಬಳಸಿದಂತಾಯಿತು. ಅವಸರದ ಕೆಲಸಕ್ಕೆ ವೆಬ್ ಪುಟ ಸಾಕು. ಅಲ್ಲಿ ಧ್ವನಿ ಇದೆ, ಗುರುತುಗಳು ಪೂರ್ತಿ ಪದದಲ್ಲಿವೆ. ಅರ್ಥಗಳನ್ನು ಸುಲಭವಾದ, ಆರಿಸಿದ ಪದಗಳಲ್ಲೇ ಬರೆದಿದ್ದಾರೆ. ಒಂದು ಪದದ ಅರ್ಥ ತಿಳಿಯಲು ಇನ್ನೊಂದು ಕಷ್ಟದ ಪದ ಹುಡುಕುವ ಪಾಡು ಹೆಚ್ಚಾಗಿ ಬರುವುದಿಲ್ಲ. ‘ಆಕ್ಸ್‌ಫರ್ಡ್ 3000’ ಅಂತ ಮುಖ್ಯ ಪದಗಳ ಪಟ್ಟಿಯೂ ಇದೆ. ಆ ಪದಗಳಿಗೆ ಗುರುತು ಇರುತ್ತದೆ. ಮೊದಲು ಏನು ಕಲಿಯಬೇಕು ಅಂತ ಅದು ತೋರಿಸುತ್ತದೆ. ತೀರಾ ಹೊಸದಾಗಿ ಕಲಿಯುತ್ತಿರುವವರಿಗೆ ಇದನ್ನು ನಾನು ಕೊಡುವುದಿಲ್ಲ. ಅವರಿಗೆ ಇಂಗ್ಲಿಷ್-ಕನ್ನಡ ನಿಘಂಟೇ ಮೊದಲು. ವಾಕ್ಯ ಬರೆಯಲು ಬರುತ್ತೆ, ಆದರೆ ಸರಿಯಿದೆಯಾ ಅನ್ನುವ ಅನುಮಾನ ಬಿಡುತ್ತಿಲ್ಲ ಅನ್ನುವವರಿಗೆ ಇದು ಸರಿಯಾದ ಪುಸ್ತಕ.

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಈಗ ನನ್ನ ಹತ್ತಿರ ಡೌಟ್ ಕೇಳಲು ಬರುತ್ತಾಳೆ. ಹೋದ ವಾರ ಬಂದು, “ಅಕ್ಕ, ‘ಮ್ಯಾರೀಡ್ ವಿತ್’ ಅಂತ ಬರೆದೆ, ತಪ್ಪಂತೆ. ಯಾಕೆ?” ಅಂದಳು. ನಾನು ಉತ್ತರ ಹೇಳಲಿಲ್ಲ. “ಮ್ಯಾರೀಡ್ ಪುಟ ತೆಗಿ. ಅರ್ಥ ಓದಬೇಡ. ಉದಾಹರಣೆಗಳನ್ನು ನೋಡು, ಅದರ ನಂತರ ಏನು ಬರ್ತಾ ಇದೆ ಹೇಳು” ಅಂದೆ. ಬೆರಳಿಟ್ಟು ಓದಿದಳು. “ಎಲ್ಲಾ ಕಡೆ ‘ಟು’ ಇದೆ ಅಕ್ಕ.” ಸ್ವಲ್ಪ ಹೊತ್ತು ಸುಮ್ನಿದ್ದು, “ನಾವು ‘ಅವರ ಜೊತೆ ಮದುವೆ’ ಅಂತೀವಲ್ಲ, ಅದಕ್ಕೇ ‘ವಿತ್’ ಬಂತು” ಅಂದಳು. ಆ ಕಾರಣವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ತುಂಬ ಸಂತೋಷವಾಯಿತು.

ಈ ಪುಸ್ತಕದಲ್ಲಿ ನನಗೆ ಬೇಕೆನಿಸುವುದು, ಆದರೆ ಇಲ್ಲದಿರುವುದು ಇದೇ. ಹಾಗೆ ಬರೆಯಬೇಡ ಅಂತ ಅದು ಹೇಳುತ್ತದೆ. ನಾವು ಯಾಕೆ ಹಾಗೆ ಬರೆಯುತ್ತೇವೆ ಅಂತ ಅದಕ್ಕೆ ಹೇಳಲು ಆಗುವುದಿಲ್ಲ. ಜಗತ್ತಿನ ಎಲ್ಲ ಭಾಷೆಯವರಿಗೂ ಒಂದೇ ಪುಸ್ತಕ ಅದು. ಆ ಭಾಗವನ್ನು ಕನ್ನಡದವರೇ ಬರೆದುಕೊಳ್ಳಬೇಕು. ನಾನು ಪೆನ್ಸಿಲಿನಲ್ಲಿ ಶುರು ಮಾಡಿದ್ದೇನೆ. ‘ಡಿಸ್ಕಸ್’ ಪಕ್ಕದಲ್ಲಿ ‘ವಿಷಯವನ್ನು’ ಅಂತ ಬರೆದಿದ್ದೇನೆ. ‘ಅಂಟಿಲ್’ ಪಕ್ಕದಲ್ಲಿ ‘-ವರೆಗೆ’, ‘ಬೈ’ ಪಕ್ಕದಲ್ಲಿ ‘-ಒಳಗೆ’. ‘ಸಿನ್ಸ್’ ಪಕ್ಕದಲ್ಲಿ ಜಾಗ ಕಡಿಮೆ ಇತ್ತು. ಅಲ್ಲಿ ಹೀಗೆ ಬರೆದೆ: ‘-ಇಂದ. ಶುರುವಾದ ದಿನವಾ? ಕಳೆದ ಕಾಲವಾ?’ ಆ ಹುಡುಗಿ ಈಗ ತನ್ನ ಪ್ರತಿಯಲ್ಲಿ ‘ಮ್ಯಾರೀಡ್’ ಪಕ್ಕ ‘ಜೊತೆ’ ಅಂತ ಬರೆದು, ಅದರ ಮೇಲೆ ಗೀಟು ಎಳೆದಿದ್ದಾಳೆ.